ಕತ್ತಲೆ ಮಾಡಿದವನು

ಕುಸ್‌ಕುಸ್ ಊಟದ ಪಾತ್ರೆಯನ್ನು ಸಾಲ್ಹಾ ಇನ್ನೂ ಕೆಳಗಿಟ್ಟಿರಲಿಲ್ಲ, ಮಬ್ರೂಕಾ ಬಂದು ಅವಳ ರಟ್ಟೆ ಹಿಡಿದಳು.

"ಒಳಗೆ ಬಾ. ಈಗಲೇ ಬಾ."

"ಇರೇ, ಕೈ ಸುಡ್ತಿದೆ."

ಗಂಡನ ಹೆಣಕ್ಕೆ ಸ್ನಾನ ಮಾಡಿಸುತ್ತಿರುವಾಗ ಹೆಂಡತಿ ಹೀಗೆ ಮನೆ ತುಂಬ ಓಡಾಡುವುದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಬೆಳಗಿನಿಂದ ಮಬ್ರೂಕಾ ಒಂದು ಕಡೆ ಕೂತವಳಲ್ಲ. ಕಿಟಕಿಗೆ ಹೋಗುವಳು, ಬೀದಿ ನೋಡುವಳು, ಮತ್ತೆ ಬಾಗಿಲಿಗೆ. ಸಾಲ್ಹಾ ಬಂದಳಾ, ಸಾಲ್ಹಾ ಬಂದಳಾ ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದಳು. ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವಂತಿಲ್ಲ, ನೆರೆಯವರೇ ಊಟ ತರಬೇಕು. ಸಾಲ್ಹಾ ಬಂದೇ ಬರುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ಇಷ್ಟು ಅವಸರ ಯಾಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಗಂಡಸರು ಬಾವುಟ ಹಿಡಿದು ಘೋಷಣೆ ಕೂಗುತ್ತ ನಿಂತಿದ್ದರು. ಲೈನ್‌ಮನ್ ತಯ್ಯಿಬ್, ಮಬ್ರೂಕಾಳ ಗಂಡ, ನಮ್ಮೂರ ವೀರ. ಮೂವತ್ತು ವರ್ಷ ಕಂಬ ಹತ್ತಿ ಇಳಿದವನು. ಮಾತು ಕಮ್ಮಿ, ಸಿಗರೇಟು ಜಾಸ್ತಿ. ಟ್ಯುನೀಶಿಯಾದ ಕ್ರಾಂತಿಯಲ್ಲಿ ಅವನು ಮಾಡಿದ್ದು ಒಂದೇ ಒಂದು ಕೆಲಸ.

"ದೀಪ ಆರಿಸಿದ ನೋಡು, ಮಹಾರಾಯ!" ಎಂದಳು ಅಂಗಳದಲ್ಲಿ ಕೂತಿದ್ದ ಪಕ್ಕದ ಮನೆಯ ಖದೂಜಾ, ನೂರನೇ ಸಲ. "ಇಲ್ದಿದ್ರೆ ನಮ್ಮ ಹುಡುಗರೆಲ್ಲ ಅವತ್ತೇ ಹೆಣ. ನಿನ್ನ ಮಗ ಸಾಬರ್ ಕೂಡ, ಸಾಲ್ಹಾ. ಹೌದೋ ಅಲ್ವೋ?"

"ಹೌದು," ಎಂದಳು ಸಾಲ್ಹಾ.

*

ಅದು ಎರಡು ಸಾವಿರದ ಹನ್ನೊಂದರ ಜನವರಿ, ಅಧ್ಯಕ್ಷ ವಿಮಾನ ಹತ್ತಿ ಓಡಿಹೋಗುವುದಕ್ಕೆ ನಾಲ್ಕು ದಿನ ಮುಂಚೆ. ಸಂಜೆ ಆರು ಗಂಟೆ. ಪೊಲೀಸರು ಮಾಳಿಗೆಗಳ ಮೇಲೆ ಬಂದೂಕು ಹಿಡಿದು ಕೂತಿದ್ದರು. ಬೀದಿದೀಪದ ಕೆಳಗೆ ಓಡುವ ಹುಡುಗರು ಒಬ್ಬೊಬ್ಬರಾಗಿ ಬೀಳುತ್ತಿದ್ದರು. ತಯ್ಯಿಬ್ ಟ್ರಾನ್ಸ್‌ಫಾರ್ಮರ್ ಗೂಡಿಗೆ ನುಗ್ಗಿ ಇಡೀ ಕೇರಿಯ ಕರೆಂಟು ತೆಗೆದ. ಕಗ್ಗತ್ತಲೆ. ಉಳಿದವರು ಗೋಡೆ ಹಾರಿ ತಪ್ಪಿಸಿಕೊಂಡರು.

ಹದಿನೇಳರ ಸಾಬರ್ ತೆವಳಿಕೊಂಡು ಮನೆ ಸೇರಿದಾಗ ಅವನ ಅಜ್ಜಿಯ ಆಮ್ಲಜನಕದ ಯಂತ್ರ ನಿಂತು ಅರ್ಧ ಗಂಟೆಯಾಗಿತ್ತು. ಸಾಲ್ಹಾ ತಾಯಿಯ ಎದೆ ಉಜ್ಜುತ್ತ ಕೂತಿದ್ದಳು. ಆಸ್ಪತ್ರೆಗೆ ಹೋಗೋಣವೆಂದರೆ ಹೊರಗೆ ಗುಂಡು. ಕರೆಂಟು ಬಂದದ್ದು ನಾಲ್ಕು ಗಂಟೆ ಬಿಟ್ಟು. ಯಂತ್ರವೇನೋ ಗುರುಗುಟ್ಟಿತು, ಉಸಿರಾಡುವವಳು ಇರಲಿಲ್ಲ.

ಮಗನನ್ನು ಉಳಿಸಿದವನೇ ತಾಯಿಯ ಜೀವ ತೆಗೆದ. ಬಾಯಲ್ಲಿ ಬಿಸಿ ತುಪ್ಪ. ಉಗುಳಲೂ ಆಗದು, ನುಂಗಲೂ ಆಗದು. ಹನ್ನೆರಡು ವರ್ಷ ಸಾಲ್ಹಾ ತುಟಿ ಬಿಚ್ಚಲಿಲ್ಲ. ತಯ್ಯಿಬ್ ಕೂಡ ಬಿಚ್ಚಲಿಲ್ಲ. ಅವಳ ಮನೆ ಮುಂದೆ ಹಾಯಬೇಕಾದಾಗಲೆಲ್ಲ ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದ.

*

ಮಬ್ರೂಕಾ ಒಳಕೋಣೆಯ ಬಾಗಿಲು ಹಾಕಿದಳು.

"ಜೀವ ಹೋಗೋ ಮುಂಚೆ ಹೇಳಿದ್ರು ಕಣೇ. ಸಾಲ್ಹಾ ಹತ್ರ ನೀನೇ ಕೇಳು, ನನಗೆ ಧೈರ್ಯ ಆಗ್ಲಿಲ್ಲ ಅಂತ. ಮನುಷ್ಯರಿಗೆ ಮಾಡಿದ್ದನ್ನ ಮನುಷ್ಯರೇ ಮನ್ನಿಸ್ಬೇಕು, ದೇವರೂ ಅದಕ್ಕೆ ಕೈ ಹಾಕಲ್ಲ. ಮಣ್ಣಿಗಿಡೋ ಮುಂಚೆ ಮನ್ನಿಸಿದೆ ಅಂತ ಒಂದು ಮಾತು ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

"ಏಳು, ಏಳೇ! ಏನಿದು?"

"ಅನ್ನು!"

ಸಾಲ್ಹಾ ಅವಳನ್ನು ಹಿಡಿದೆತ್ತಿದಳು. "ನನ್ನ ಮಗ ಹೊರಗೆ ನಿಂತಿದಾನೆ ಮಬ್ರೂಕಾ. ಎರಡು ಮಕ್ಕಳ ತಂದೆ. ಅದಕ್ಕೆ ನಿನ್ನ ಗಂಡನ ಹೆಸರಲ್ಲಿ ದಿನಾ ಪ್ರಾರ್ಥನೆ ಮಾಡ್ತೀನಿ. ಆದ್ರೆ ಉಸಿರು ಕಟ್ಟಿದ್ದು ನನಗಲ್ಲ, ನನ್ನಮ್ಮನಿಗೆ. ಅವಳ ಪರವಾಗಿ ನಾನು ಹ್ಯಾಗೆ ಮನ್ನಿಸ್ಲಿ? ಅಂದ್ರೂ ಸುಳ್ಳಾಗತ್ತೆ."

ಹೊರಗೆ ಹೆಣ ಮಲಗಿಸಿದ ಜನಾಜಾ ಎತ್ತಿದ ಸದ್ದಾಯಿತು. ಮಬ್ರೂಕಾ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಅಳತೊಡಗಿದಳು.

ಸಾಲ್ಹಾ ಬಾಗಿಲು ತೆಗೆದು, ಅಂಗಳ ದಾಟಿ, ಶವಯಾತ್ರೆಯಲ್ಲಿ ಹೆಂಗಸರು ನಿಂತುಬಿಡುವ ಹೊಸ್ತಿಲನ್ನೂ ದಾಟಿ ಬೀದಿಗಿಳಿದಳು. "ಅಯ್ಯೋ, ಎಲ್ಲಿಗೇ?" ಎಂದು ಖದೂಜಾ ಕೂಗಿದಳು. ಸಾಲ್ಹಾ ತಿರುಗಿ ನೋಡಲಿಲ್ಲ. ಮುಂದಿನ ಹಿಡಿಗೆ ಹೆಗಲು ಕೊಟ್ಟಿದ್ದ ಮಗನ ತೋಳು ಹಿಡಿದಳು.

"ಗುಂಡಿ ಎಲ್ಲಿ ತೋಡಿದೀರಿ?"

"ಹುತಾತ್ಮರ ಸಾಲಲ್ಲಿ, ಅಮ್ಮ. ಇವರನ್ನ ಇನ್ನೆಲ್ಲಿ ಇಡೋದು?"

"ಅಲ್ಲಿ ಬೇಡ. ನಿನ್ನಜ್ಜಿ ಪಕ್ಕ ತೋಡಿ."

"ಅದು ನಿನಗೆ ಅಂತ ನೀನೇ ಇಟ್ಕೊಂಡಿರೋ ಜಾಗ!"

"ನನಗೆ ಎಲ್ಲಾದ್ರೂ ಸಿಗತ್ತೆ ಬಿಡು. ಇವನಿಗೆ ಅಜ್ಜಿ ಹತ್ರ ಕೇಳೋದು ಒಂದಿದೆ. ಅವಳಿಗೆ ಕಿವಿ ಮಂದ ಅಂತ ನಿನಗೆ ಗೊತ್ತಲ್ಲ. ದೂರದಿಂದ ಕೇಳಿದ್ರೆ ಕೇಳಿಸಲ್ಲ."

ಸಾಬರ್ ತಾಯಿಯ ಮುಖವನ್ನೇ ನೋಡಿದ. ಆಮೇಲೆ ಹಿಡಿಯನ್ನು ಇನ್ನೊಬ್ಬನ ಹೆಗಲಿಗೆ ಬಿಟ್ಟು, ಇಬ್ಬರು ಗೆಳೆಯರನ್ನು ಕರೆದುಕೊಂಡು ಗುಡ್ಡದ ಸ್ಮಶಾನದ ಕಡೆ ಓಡಿದ. ಘೋಷಣೆ ನಿಂತಿತು. ಜನಾಜಾ ಹೊತ್ತವರು ಬಿಸಿಲಲ್ಲಿ ಹೆಗಲು ಬದಲಿಸುತ್ತ ನಿಂತರು. ಬರಿಗಾಲಲ್ಲಿ ಬಂದ ಮಬ್ರೂಕಾ ಸಾಲ್ಹಾಳ ಕೈ ಹಿಡಿದಳು. ಮೇಲೆ ಗುಡ್ಡದಲ್ಲಿ ಗುದ್ದಲಿ ಕಲ್ಲಿಗೆ ಬಡಿಯತೊಡಗಿತು.