ಹೆಸರಿಲ್ಲದ ಡ್ರೈವರ್

ನನ್ನ ಚಿಕ್ಕಮ್ಮನ ಹೆಸರು ಕೇಳಬೇಡಿ, ಹೇಳುವುದಿಲ್ಲ. ನಾವು ನವಾಹೋ ಬುಡಕಟ್ಟಿನ ಜನ ಹೆಸರನ್ನು ಕಂಡಕಂಡಲ್ಲಿ ಆಡಿ ಸವೆಸುವುದಿಲ್ಲ. ಅಮ್ಮನ ತಂಗಿ, ಅಷ್ಟು ಸಾಕು. ಚಿನ್ಲೆ ಊರಿನಿಂದಾಚೆ ನಮ್ಮ ಮಣ್ಣುರಸ್ತೆಯಲ್ಲಿ, ಕೆಸರಿರಲಿ ಹಿಮವಿರಲಿ, ಕುರಿ ತುಂಬಿದ ಗಾಡಿಯನ್ನು ಅವಳಂತೆ ಓಡಿಸುವವರು ಇನ್ನೊಬ್ಬರಿಲ್ಲ.

ಆ ವರ್ಷ ನಮ್ಮ ರಸ್ತೆಗೆ ಶಾಲೆಯ ಬಸ್ಸು ನಿಂತುಹೋಗಿತ್ತು. ಇದ್ದ ಡ್ರೈವರ್ ಕೆಲಸ ಬಿಟ್ಟು ಫೀನಿಕ್ಸ್ ನಗರ ಸೇರಿದ್ದ. ನನ್ನ ಮಗಳು ಶಾಲೆಗೆ ಹೋದ ದಿನಕ್ಕಿಂತ ಮನೆಯಲ್ಲಿ ಕೂತ ದಿನವೇ ಹೆಚ್ಚು. ನಾನು ಓಡಿಸುತ್ತೇನೆ ಎಂದಳು ಚಿಕ್ಕಮ್ಮ. ಲೈಸೆನ್ಸ್ ಸಿಕ್ಕಿತು. ಉಳಿದದ್ದು ಇಂಗ್ಲಿಷಿನಲ್ಲಿ ನಡೆಯುವ ಸಂದರ್ಶನ. ಅದಕ್ಕಾಗಿ ಸಮುದಾಯ ಭವನದ ಇಂಗ್ಲಿಷ್ ತರಗತಿಗೆ ಸೇರಿ, ಧೈರ್ಯಕ್ಕೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು.

ಮೇಷ್ಟ್ರು ವೆಂಡೆಲ್, ನೆಬ್ರಾಸ್ಕಾದಿಂದ ಹೊಸದಾಗಿ ಬಂದವರು. ಮನೆಯವರ ಬಗ್ಗೆ ಬರೆಯಿರಿ, ಹೆಸರುಗಳಿಗೆ ದೊಡ್ಡಕ್ಷರ ಮರೆಯಬೇಡಿ ಎಂದರು. ಚಿಕ್ಕಮ್ಮ ಪುಟ ತುಂಬ ಬರೆದಳು. ಅಕ್ಕ, ಅಕ್ಕನ ಮಗಳು, ಅಣ್ಣ, ಕುಂಟು ಮೇಕೆ.

"ಒಂದು ಹೆಸರೂ ಇಲ್ವಲ್ಲ? ನಿಮ್ಮನೇಲಿ ಯಾರಿಗೂ ಹೆಸರಿಟ್ಟಿಲ್ವಾ?"

"ಇಟ್ಟಿದೀವಿ ಮೇಷ್ಟ್ರೇ. ಜೋಪಾನವಾಗಿ ಇಟ್ಟಿದೀವಿ."

ಮೇಷ್ಟ್ರು ನಕ್ಕರು. ಮುಂದಿನ ಪಾಠ 'ಹೀಗಾದರೆ ಏನು ಮಾಡುತ್ತೀರಿ' ಎಂಬ ವಾಕ್ಯಗಳದ್ದು. ಮಳೆ ಬಂದರೆ ಎಂದಾಗ ಜೋಳ ಬಿತ್ತುತ್ತೇನೆ ಎಂದಳು. ಬಸ್ಸಿಗೆ ಬೆಂಕಿ ಬಿದ್ದರೆ (ಇದು ಮೇಷ್ಟ್ರ ಮಾತು, ನನ್ನದಲ್ಲ) ಎಂದಾಗ ಬಾಯಿಗೆ ಬೀಗ ಹಾಕಿಕೊಂಡು ಕಿಟಕಿಯ ಹೊರಗೆ ನೋಡಿದಳು. ಅರ್ಥವಾಗಲಿಲ್ಲವೇನೋ ಎಂದುಕೊಂಡ ಪುಣ್ಯಾತ್ಮ ಹಲಗೆಯ ಮೇಲೆ ಬಸ್ಸು ಬರೆದು, ಅದಕ್ಕೆ ಕೆಂಪು ಜ್ವಾಲೆಗಳನ್ನೂ ಬರೆದರು. ಚಿಕ್ಕಮ್ಮ ಎದ್ದುಹೋಗಿ ಎಲ್ಲವನ್ನೂ ಅಳಿಸಿ, ಮನೆಗೆ ಹೊರಟುಬಿಟ್ಟಳು.

ಮೇಷ್ಟ್ರು ಎರಡು ಲೋಟ ಕಾಫಿ ಹಿಡಿದು ನನ್ನ ಬಳಿ ಬಂದು, ತಪ್ಪೇನಾಯಿತು ಎಂದು ಕೇಳಿದರು. ಆಡಿದ ಮಾತು ನಮ್ಮಲ್ಲಿ ಗಾಳಿಗೆ ಹೋಗುವುದಿಲ್ಲ, ಅದು ನಡೆದುಬಿಡುತ್ತದೆ. ಮಕ್ಕಳು ಕೂರುವ ಬಸ್ಸಿನ ಬಗ್ಗೆ ಅವಳು ಅಂಥ ಮಾತನ್ನು ಪ್ರಾಣ ಹೋದರೂ ಆಡುವುದಿಲ್ಲ ಎಂದೆ. ಅವರು ಒಂದು ಲೋಟ ನನ್ನ ಮುಂದಿಟ್ಟರು.

"ಹಾಗಾದ್ರೆ ನಿಮ್ಮ ಹಿರಿಯರು ಚಿಕ್ಕವರಿಗೆ ಎಚ್ಚರಿಕೆ ಹೇಳೋದಾದ್ರೂ ಹೇಗೆ?"

ಹುಟ್ಟಿದಾಗಿನಿಂದ ಕೇಳುತ್ತ ಬಂದದ್ದನ್ನು ನಾನೇ ಗಮನಿಸಿರಲಿಲ್ಲ. ನಮ್ಮಜ್ಜ ಯಾವತ್ತೂ ನೀನು ಬಿದ್ದೀಯೆ ಎಂದವನಲ್ಲ. ಎಲ್ಲೋ ದೂರದಲ್ಲಿ ಯಾರೋ ಒಬ್ಬ ಇದ್ದ, ಅವನು ಬಂಡೆಯ ಅಂಚಿಗೆ ಹೋದ ಎಂದು ಶುರುಮಾಡುತ್ತಿದ್ದ. ಅದನ್ನೇ ಮೇಷ್ಟ್ರಿಗೆ ಹೇಳಿದೆ.

ಮುಂದಿನ ತರಗತಿಯಲ್ಲಿ ಮೇಷ್ಟ್ರು ಹಲಗೆ ಮುಟ್ಟಲಿಲ್ಲ. ಎಲ್ಲೋ ದೂರದಲ್ಲಿ ಒಬ್ಬ ಡ್ರೈವರ್ ಇದ್ದನಂತೆ, ಅವನ ಬಸ್ಸಿನಲ್ಲಿ ಹೊಗೆ ಎದ್ದಿತಂತೆ ಎಂದರು. ಚಿಕ್ಕಮ್ಮ ಕಿಟಕಿಯಿಂದ ಮುಖ ತಿರುಗಿಸಿದಳು. ಅವನು ಇಂಜಿನ್ ನಿಲ್ಲಿಸಿ ಕೀಲಿ ತೆಗೆದನೇ, ಹಿಂಬಾಗಿಲು ತೆರೆಸಿದನೇ, ಮಕ್ಕಳನ್ನು ಗಾಳಿ ಬರುವ ಕಡೆಗೆ ಕರೆದೊಯ್ದನೇ ಎಂದು ಅವರನ್ನೇ ವಿಚಾರಣೆಗೆ ಹಿಡಿದಳು. ಮೇಷ್ಟ್ರ ಕಾಫಿ ಆರಿಹೋಯಿತು.

ಸಂದರ್ಶನದ ದಿನ ನನಗೆ ಹಿಂದೆ ಕೂರಲು ಬಿಟ್ಟರು. ಆದರೆ ಪ್ರಶ್ನೆಗಳು ಎಲ್ಲರಿಗೂ ಒಂದೇ, ಒಂದಕ್ಷರ ಬದಲಿಸುವಂತಿಲ್ಲ. ಹೊರಗಿನಿಂದ ಬಂದ ಅಧಿಕಾರಿಣಿ ಕಾಗದ ನೋಡಿ ಓದಿದಳು: ಬಸ್ಸಿನಲ್ಲಿ ಮಕ್ಕಳಿರುವಾಗ ಹಳ್ಳದ ನೀರು ಏರಿದರೆ ನೀವೇನು ಮಾಡುತ್ತೀರಿ? ಚಿಕ್ಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಮೇಜಿನಾಚೆ ಪೆನ್ನು ಏನನ್ನೋ ಗೀಚಿತು. ಕೆಲಸ ಕೈತಪ್ಪಿತು ಎಂದುಕೊಂಡೆ.

ಆಗ ಚಿಕ್ಕಮ್ಮ ತನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲೋ ದೂರದ ಒಬ್ಬ ಡ್ರೈವರ್‌ನ ಕಥೆ ಶುರುಮಾಡಿದಳು. ತನ್ನ ತಲೆಯ ಮೇಲೆ ಬಿಸಿಲಿದ್ದರೂ ಅವನು ಬೆಟ್ಟದ ಮೇಲಿನ ಮೋಡ ನೋಡುತ್ತಾನೆ. ದಡದ ಈಚೆಯೇ ಬಸ್ಸು ನಿಲ್ಲಿಸುತ್ತಾನೆ. ಕಚೇರಿಗೆ ಸುದ್ದಿ ಮುಟ್ಟಿಸಿ, ನೀರು ಇಳಿಯುವವರೆಗೆ ಕದಲುವುದಿಲ್ಲ.

"ನಾನು ಕೇಳಿದ್ದು ನಿಮ್ಮ ವಿಷಯ," ಎಂದಳು ಅಧಿಕಾರಿಣಿ. "ಆ ಡ್ರೈವರ್ ಯಾರು? ಅವನ ಹೆಸರೇನು?"

"ಅವನಿಗೆ ಹೆಸರಿಲ್ಲ. ನನ್ನ ವಿಷಯ ಬೇಕಾ? ನಾನು ಬಸ್ಸು ಓಡಿಸಿದ್ರೆ ಮಕ್ಕಳೆಲ್ಲ ಮನೆಗೆ ಬರ್ತಾರೆ."

ಅಧಿಕಾರಿಣಿ ಇನ್ನೂ ಏನೋ ಬರಲಿದೆ ಎಂದು ಕಾದಳು. ಮೇಜಿನ ತುದಿಯಲ್ಲಿ ಸಂದರ್ಶಕರಾಗಿ ಕೂತಿದ್ದ ನಮ್ಮ ಜನದ ಮುದುಕರೊಬ್ಬರು ಪೆನ್ನಿಗೆ ಮುಚ್ಚಳ ಹಾಕಿದರು.

"ಆಡಿಬಿಟ್ಟಿದಾಳೆ ಕಣಮ್ಮ. ಇನ್ನು ಅದು ನಡೀಲೇಬೇಕು. ಬರ್ಕೊಳ್ಳಿ."

ನನ್ನ ಮಗಳು ಈಗ ಚಿಕ್ಕಮ್ಮನ ಬಸ್ಸಿನಲ್ಲೇ ಹೋಗಿಬರುತ್ತಾಳೆ. ಬೆಟ್ಟದ ಕಡೆ ಮೋಡ ಕಟ್ಟಿದ ಸಂಜೆಯೂ ನಾನು ಬಾಗಿಲಿಗೆ ಬಂದು ನಿಲ್ಲುವುದಿಲ್ಲ.