ದೋಣಿಯ ಬೆನ್ನಿಗೊಂದು ಪೆಟ್ಟಿಗೆ

ಬಸುರಿಯಾದ ಮೇಲೆ ಬಡಗಿಯ ಸೊಸೆಯ ಮೂಗು ಯಾರ ಮಾತನ್ನೂ ಕೇಳದಂತಾಯಿತು. ಪಕ್ಕದ ಮನೆಯಲ್ಲಿ ಬೆಳ್ಳುಳ್ಳಿ ಸುಲಿದರೆ ಇವಳಿಗೆ ಇಲ್ಲಿ ಗೊತ್ತಾಗುತ್ತಿತ್ತು. ಗಂಡನಿಗೆ ಕ್ಷೌರದಂಗಡಿ; ಅವನ ಮೈಗೆ ಅಂಟಿಕೊಂಡು ಬರುವ ಲೋಷನ್ನಿನ ವಾಸನೆಗೆ ಅವಳ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಅವನು ದಿನವೂ ಹಿತ್ತಿಲ ಬಾಗಿಲಿನಿಂದ ಕಳ್ಳನಂತೆ ಒಳಗೆ ಬಂದು, ನೇರ ಬಚ್ಚಲಿಗೆ ಹೋಗಿ, ಮಿಂದು ಬಟ್ಟೆ ಬದಲಿಸಿಯೇ ಹೆಂಡತಿಗೆ ಮುಖ ತೋರಿಸಬೇಕಾಗಿತ್ತು. ಇಲ್ಲಿಯವರೆಗೆ ಮನೆಯವರೆಲ್ಲ ನಗುತ್ತಲೇ ಇದ್ದರು. ನಗು ನಿಂತದ್ದು ಪೆಟ್ರೋಲಿನ ವಿಷಯಕ್ಕೆ.

ಸೊಸೆಗೆ ಒಂದು ಪುಟ್ಟ ಹಾಯಿದೋಣಿ ಇತ್ತು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಮದುವೆಗೆ ಮುಂಚೆ, ದೋಣಿಕಟ್ಟೆಯ ಮೂಲೆಯಲ್ಲಿ ಮಗುಚಿ ಬಿದ್ದಿದ್ದ ಹಳೆಯ ಮರದ ದೋಣಿಯೊಂದನ್ನು ಕೊಂಡು, ಹಲ್ಲು ಕೂರಿಸುವಷ್ಟೇ ತಾಳ್ಮೆಯಿಂದ ಅದರ ಒಂದೊಂದು ಬಿರುಕನ್ನೂ ತುಂಬಿ, ಉಜ್ಜಿ, ಹಸಿರು ಬಣ್ಣ ಬಳಿದು ‘ಮಿಡತೆ’ ಎಂದು ಹೆಸರಿಟ್ಟಿದ್ದಳು. ಬಯಲು ನೀರಿನಲ್ಲಿ ಹಾಯಿ ಬಿಚ್ಚಿದರೆ ಮಿಡತೆ ನಿಜಕ್ಕೂ ಹಾರುತ್ತಿತ್ತು. ಆದರೆ ಕಟ್ಟೆಯಿಂದ ಅಲ್ಲಿಗೆ ಹೋಗುವುದು ಎರಡು ಕಲ್ಲುಗೋಡೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ. ಅಲ್ಲಿ ಹಾಯಿಯ ಆಟ ನಡೆಯದು, ಹಿಂಬದಿಗೆ ತಗುಲಿಸಿದ ಪೆಟ್ರೋಲ್ ಮೋಟಾರೇ ಬೇಕು. ಆ ಮೋಟಾರಿನ ಹೊಗೆ ಮೂಗಿಗೆ ಸೋಕಿದರೆ ಸಾಕು, ಸೊಸೆ ದೋಣಿಯ ಅಂಚು ಹಿಡಿದು ಬಗ್ಗಿಬಿಡುತ್ತಿದ್ದಳು. ಬರಬರುತ್ತಾ ಕಟ್ಟೆಯ ಮೆಟ್ಟಿಲಿನ ಹತ್ತಿರ ಸುಳಿಯುವುದೂ ಕಷ್ಟವಾಯಿತು. ನೀರಿನ ಮೇಲೆ ಹೋಗಲು ಅಡ್ಡಿಯಿಲ್ಲ, ಆ ಹೊಗೆ ಮಾತ್ರ ಬೇಡ ಎಂದು ಡಾಕ್ಟರೂ ಹೇಳಿದರು.

ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಸೊಸೆ ದೋಣಿಯನ್ನು ಮಾರಿಬಿಡುತ್ತೇನೆ ಎಂದಳು. ಕನ್ನಡಕದ ಅಂಗಡಿಯವರು ಕೇಳುತ್ತಿದ್ದಾರಂತೆ, ಭಾನುವಾರ ಗಂಡ ಹೆಂಡತಿ ಬಂದು ಒಂದು ಸುತ್ತು ಹೋಗಿ ನೋಡುತ್ತಾರಂತೆ. ಮಗು ಬಂದ ಮೇಲೆ ಯಾರಿಗೆ ಪುರುಸೊತ್ತು, ಕಟ್ಟಿಹಾಕಿ ಕೊಳೆಸುವುದಕ್ಕಿಂತ ಕೊಡುವುದೇ ಮೇಲಲ್ಲವೇ ಎಂದು ಬೇಕಾದ್ದಕ್ಕಿಂತ ಜಾಸ್ತಿ ನಕ್ಕು, ಲೋಟ ತೊಳೆಯಲು ಎದ್ದು ಹೋದಳು. ತೊಳೆದ ಲೋಟವನ್ನೇ ಅವಳು ಮತ್ತೆ ಮತ್ತೆ ತೊಳೆಯುತ್ತಿದ್ದುದು ಬಡಗಿಯ ಕಣ್ಣಿಗೆ ಬಿತ್ತು.

ಬಡಗಿ ಆ ದೋಣಿಯ ಮೇಲೆ ಒಮ್ಮೆಯೂ ಕಾಲಿಟ್ಟವನಲ್ಲ. ಬಾಗಿಲು, ಕಿಟಕಿ, ಮಂಚ ಮಾಡಿಯೇ ತಲೆ ನರೆಸಿಕೊಂಡವನು. ಮರದ ವಸ್ತು ಅಲುಗಾಡದೆ ನಿಲ್ಲಬೇಕು ಎಂಬುದಕ್ಕೆ ಜೀವ ತೇದವನಿಗೆ, ಅಲುಗಾಡಲೆಂದೇ ಮಾಡಿದ ಮರದ ವಸ್ತು ಅರ್ಥವಾಗುತ್ತಿರಲಿಲ್ಲ. ಸೊಸೆ ಅರ್ಥವಾಗುತ್ತಿದ್ದಳು. ಟವೆಲನ್ನು ಹೆಗಲಿಗೆ ಹಾಕಿಕೊಂಡು ನೇರ ಮಗನ ಅಂಗಡಿಗೆ ಹೋದ.

ಅಲ್ಲಿ ದೋಣಿಕಟ್ಟೆಯ ಕಾವಲುಗಾರ ಕೆನ್ನೆ ತುಂಬ ನೊರೆ ಮೆತ್ತಿಸಿಕೊಂಡು ಕೂತಿದ್ದ. ಹೊಗೆ ಉಗುಳದ ಮೋಟಾರು ಎಲ್ಲಾದರೂ ಸಿಗುತ್ತದೆಯೇ ಎಂದು ಅಪ್ಪ ಮಗನನ್ನು ಕೇಳಿದರೆ, ಉತ್ತರ ಬಂದದ್ದು ನೊರೆಯ ಒಳಗಿನಿಂದ. ಗ್ಯಾಸ್ ಸಿಲಿಂಡರಿನಿಂದ ಓಡುವ ಚಿಕ್ಕ ಮೋಟಾರೊಂದು ತನ್ನ ಕೋಣೆಯಲ್ಲೇ ಇದೆ, ಪೆಟ್ರೋಲಿನ ನಾತ ಅದಕ್ಕೆ ಗೊತ್ತೇ ಇಲ್ಲ, ಬೇಕಾದರೆ ಅದಲುಬದಲು ಮಾಡಿಕೊಳ್ಳೋಣ ಎಂದ ಕಾವಲುಗಾರ. ಖುಷಿಗೆ ಮಗನ ಕತ್ತಿ ಗಾಳಿಯಲ್ಲೇ ನಿಂತಿತು. ಮೊದಲು ನನ್ನ ಇನ್ನೊಂದು ಕೆನ್ನೆ ಮುಗಿಸು ಎಂದು ಕಾವಲುಗಾರನೇ ನೆನಪಿಸಬೇಕಾಯಿತು.

ಸೊಸೆಗೆ ಮುಂಚೆ ಹೇಳಿದರೆ ‘ನನಗೋಸ್ಕರ ಇಷ್ಟೆಲ್ಲ ಬೇಡ’ ಎಂದು ತಡೆಯುತ್ತಾಳೆ. ಮಾಡಿ ತೋರಿಸಿದರೆ, ಆಮೇಲೆ ಮಾರುವುದೋ ಬಿಡುವುದೋ ಅವಳ ಇಷ್ಟ. ಹೀಗೆಂದು ಅಪ್ಪ ಮಗ ಒಪ್ಪಂದ ಮಾಡಿಕೊಂಡರು. ಮೋಟಾರು ಬಂತು. ಹಳೆಯ ಪೆಟ್ರೋಲ್ ಡಬ್ಬಿ ಹೋಯಿತು. ಡಬ್ಬಿ ಕೂತಿದ್ದ ಜಾಗವನ್ನು ಮಗ ಸೋಪು ಹಾಕಿ ಕೈ ಸೋಲುವಷ್ಟು ತಿಕ್ಕಿದ. ಸಿಲಿಂಡರ್ ಇಡುವ ವ್ಯವಸ್ಥೆ ಬಡಗಿಯದು. ದೋಣಿಯ ಪುಟ್ಟ ಕೋಣೆಯಲ್ಲಿ ಒಬ್ಬರು ಮಲಗುವಂಥ ಹಲಗೆಯ ಮಂಚವಿತ್ತು. ಅದರಡಿಗೆ ಸರಿಹೋಗುವಂತೆ ಅವನು ಒಂದು ಪೆಟ್ಟಿಗೆ ಮಾಡಿದ. ಮೂಲೆಗಳಲ್ಲಿ ಮೊಳೆಯೇ ಇಲ್ಲ, ಹಲ್ಲಿಗೆ ಹಲ್ಲು ಕೂಡಿಸಿದ ಜೋಡಣೆ. ಗಾಳಿಯಾಡಲೆಂದು ಮೇಲ್ಗಡೆ ಎಲೆಯಾಕಾರದ ಕಿಂಡಿಗಳು. ಮದುವೆಯ ಉಡುಗೊರೆಗೂ ಕೊಡಬಹುದಾದಂಥ ಪೆಟ್ಟಿಗೆ.

ಅದನ್ನು ಹೊತ್ತುಕೊಂಡೇ ಸಿಲಿಂಡರ್ ತರಲು ಗ್ಯಾಸ್ ಅಂಗಡಿಗೆ ಹೋದ. ಅಂಗಡಿ ನೋಡಿಕೊಳ್ಳುವ ಹೆಂಗಸು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿಕೊಂಡಳು. ಎಲ್ಲಿಡುತ್ತೀರಿ ಎಂದು ಕೇಳಿದಳು. ದೋಣಿಯ ಒಳಗೆ, ಮಂಚದ ಅಡಿಗೆ ಎಂದು ಬಡಗಿ ಹೆಮ್ಮೆಯಿಂದ ಹೇಳಿದ. ಅವಳು ಮುಂದಕ್ಕೆ ತಳ್ಳಿದ್ದ ಸಿಲಿಂಡರನ್ನು ಹಿಂದಕ್ಕೆ ಎಳೆದುಕೊಂಡಳು.

“ಯಜಮಾನ್ರೇ, ಈ ಗ್ಯಾಸು ಹೊಗೆ ಥರ ಮೇಲಕ್ಕೆ ಹೋಗಲ್ಲ. ಗಾಳಿಗಿಂತ ಭಾರ, ನೀರಿನ ಥರ ಕೆಳಗೆ ಇಳಿಯುತ್ತೆ. ಮನೆಯಾದ್ರೆ ಬಾಗಿಲಿಂದ ಆಚೆ ಹೋದೀತು. ದೋಣಿ ಅಂದ್ರೆ ಬಟ್ಟಲು. ಸೋರಿದ್ದೆಲ್ಲ ತಳದಲ್ಲಿ ನಿಂತಿರುತ್ತೆ. ಯಾರೋ ಒಂದು ದೀಪದ ಗುಂಡಿ ಒತ್ತಿ ಕಿಡಿ ಹಾರಿದ್ರೆ ಮುಗೀತು.”

ಆ ಮಂಚದ ಮೇಲೆ ಸೊಸೆ ಮಲಗುವ ಚಿತ್ರ ಬಡಗಿಯ ಕಣ್ಣಿಗೆ ಕಟ್ಟಿತು. ತಾನು ಮಾಡಿದ ಪೆಟ್ಟಿಗೆಯ ಮೇಲೇ ಕುಳಿತ. ಹೆಂಗಸು ಅವನಿಗೆ ನೀರು ಕೊಟ್ಟಳು. ಎಲ್ಲರೂ ಮೊದಲು ಹಾಗೇ ಅಂದುಕೊಳ್ಳುತ್ತಾರೆ, ನೀವು ಪೆಟ್ಟಿಗೆ ತಂದು ತೋರಿಸಿದ್ದೇ ಒಳ್ಳೆಯದಾಯಿತು ಎಂದು ಸಮಾಧಾನ ಹೇಳಿದಳು. ಆಮೇಲೆ ಇಬ್ಬರೂ ತಲೆಗೆ ತಲೆ ಕೊಟ್ಟು ಯೋಚಿಸಿದರು. ಪೆಟ್ಟಿಗೆ ದೋಣಿಯ ಒಳಗೆ ಬೇಡ, ಹಿಂಬದಿಯ ಹೊರಮೈಗೆ ಬಿಗಿಯಬೇಕು. ಮುಚ್ಚಳ ಮೇಲೆ. ಒಳಕೋಣೆಯ ಕಡೆಗೆ ಕೂದಲೆಳೆಯಷ್ಟೂ ಸಂದಿ ಇರಬಾರದು. ತಳದಲ್ಲಿ ಒಂದು ದೊಡ್ಡ ತೂತು, ಅದು ನೀರಿಗಿಂತ ಮೇಲೆ ಹೊರಕ್ಕೆ ತೆರೆದಿರಬೇಕು. ಗ್ಯಾಸು ಸೋರಿದರೂ ಅದರ ಪಾಡಿಗೆ ಅದು ಆಚೆ ಇಳಿದುಹೋಗಲಿ. ಸಿಲಿಂಡರ್ ಮಾತ್ರ ಹೇಗೆ ಅಲೆ ಬಡಿದರೂ ನೆಟ್ಟಗೆ ನಿಂತಿರಬೇಕು. ಅಲುಗಾಡದೆ ನಿಲ್ಲಿಸುವುದನ್ನು ನನಗೆ ಬಿಡಿ ಎಂದು ಬಡಗಿ ಎದ್ದ.

ಎಲೆಯ ಕಿಂಡಿಯ ಪೆಟ್ಟಿಗೆಗೆ ಅವನ ಹೆಂಡತಿ ಅಂದೇ ಈರುಳ್ಳಿ ತುಂಬಿದಳು. ಅವನು ಹೊಸ ಮರ ಕೊಯ್ದ.

ಹೊಸ ಪೆಟ್ಟಿಗೆ ಕೂರಿಸಲು ದೋಣಿ ಹತ್ತದೆ ಬೇರೆ ದಾರಿಯಿರಲಿಲ್ಲ. ಶನಿವಾರ ಸೊಸೆ ಕೆಲಸಕ್ಕೆ ಹೋದ ಮೇಲೆ ಅಪ್ಪ ಮಗ ಕಟ್ಟೆಗೆ ಹೋದರು. ಬಡಗಿ ಒಂದು ಕಾಲಿಟ್ಟ, ಮಿಡತೆ ಪಕ್ಕಕ್ಕೆ ಸರಿಯಿತು. ಕಾಲು ಹಿಂದಕ್ಕೆ ತೆಗೆದ, ಅದೂ ವಾಪಸು ಬಂತು. ಕೊನೆಗೆ ನಾಲ್ಕು ಕಾಲಿನ ಪ್ರಾಣಿಯಂತೆ ಅಂಬೆಗಾಲಿಟ್ಟು ಒಳಗಿಳಿದು ಹಾಯಿಕಂಬವನ್ನು ಅಪ್ಪಿಕೊಂಡ. ಮಗ ಕಟ್ಟೆಯ ಮೇಲೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಬಾ, ಕೆಲಸವಿದೆ ಎಂದ ಅಪ್ಪ. ಎರಡು ಸ್ಕ್ರೂ ನೀರಿಗೆ ಬಿದ್ದವು, ಒಂದು ಚಪ್ಪಲಿಯೂ ಬಿತ್ತು. ಆದರೆ ಕೈಗೆ ಉಳಿ ಬಂದ ಮೇಲೆ ಬಡಗಿಗೆ ದೋಣಿ ಅಲುಗಾಡುತ್ತಿರುವುದೇ ಮರೆತುಹೋಯಿತು. ಪೆಟ್ಟಿಗೆ ದೋಣಿಯ ಬೆನ್ನಿಗೆ ಹುಟ್ಟಿದಾಗಿನಿಂದಲೂ ಇದ್ದಂತೆ ಕೂತಿತು.

ಸಿಲಿಂಡರಿಗೂ ಮೋಟಾರಿಗೂ ಕೊಳವೆ ಜೋಡಿಸಿದ ಮೇಲೆ ಕೂಡುವ ಗಂಟುಗಳಿಗೆ ಸೋಪಿನ ನೀರು ಹಚ್ಚಿ ಗ್ಯಾಸು ಸೋರುತ್ತದೆಯೇ ಎಂದು ಪರೀಕ್ಷಿಸಬೇಕು ಎಂದಿದ್ದಳು ಅಂಗಡಿಯ ಹೆಂಗಸು. ಅದಕ್ಕೆ ಮಗ ತನ್ನ ಅಂಗಡಿಯಿಂದ ಬಟ್ಟಲು, ಬ್ರಷ್ಷು ತಂದಿದ್ದ. ಗಿರಾಕಿಯ ಗಲ್ಲಕ್ಕೆ ಹಚ್ಚುವಂತೆಯೇ ನೊರೆಯೆಬ್ಬಿಸಿ ಗಂಟುಗಳಿಗೆ ನಯವಾಗಿ ಮೆತ್ತಿದ. ಒಂದು ಕಡೆ ಗುಳ್ಳೆ ಎದ್ದಿತು. ಬಿಗಿ ಮಾಡಿ ಮತ್ತೆ ಹಚ್ಚಿದ, ನೊರೆ ಸುಮ್ಮನೆ ಕೂತಿತು. ಇಂಥ ತಕರಾರಿಲ್ಲದ ಗಿರಾಕಿ ಇನ್ನೊಬ್ಬ ಸಿಕ್ಕಿಲ್ಲ ಎಂದು ಮಗ ಹೇಳಿದ.

ಭಾನುವಾರ ಕನ್ನಡಕದವರು ಹೆಂಡತಿಯೊಡನೆ ಬಂದರು. ಅವರನ್ನು ಸುತ್ತು ಹೊಡೆಸುವುದು ಗಂಡನ ಕೆಲಸ ಎಂದು ಸೊಸೆ ಮೊದಲೇ ಹೇಳಿದ್ದಳು. ತಾನು ಮೆಟ್ಟಿಲಿನಿಂದ ದೂರ, ಮೂಗಿಗೆ ಕರವಸ್ತ್ರ ಒತ್ತಿ ನಿಂತಿದ್ದಳು. ಗಾಳಿ ದೋಣಿಯ ಕಡೆಯಿಂದ ಅವಳತ್ತಲೇ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಕರವಸ್ತ್ರ ಕೆಳಗಿಳಿಯಿತು. ಅವಳು ಒಂದು ಹೆಜ್ಜೆ ಮುಂದೆ ಬಂದಳು, ಇನ್ನೊಂದು ಹೆಜ್ಜೆ ಬಂದಳು, ಮೆಟ್ಟಿಲು ಇಳಿದಳು. ಕನ್ನಡಕದವರು ಏನೋ ಕೇಳುತ್ತಿದ್ದರು, ಅವಳ ಕಿವಿಗೆ ಅದು ಬೀಳಲಿಲ್ಲ.

“ಮಾವ, ಇಲ್ಲಿ ಪೆಟ್ರೋಲ್ ವಾಸನೆ ಇಲ್ವಲ್ಲ? ಹೊಸ ಮರ ಇದೆ, ವಾರ್ನಿಷ್ ಇದೆ. ಇವರ ಶೇವಿಂಗ್ ಸೋಪು ಯಾಕಿದೆ?”

ಬಡಗಿ ಮಗನ ಮುಖ ನೋಡಿದ, ಮಗ ಬಡಗಿಯ ಮುಖ ನೋಡಿದ. ಕೊನೆಗೆ ಮಗನೇ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಸೊಸೆ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ತಳದ ತೂತಿಗೆ ಕೈ ತೂರಿಸಿ ಹೊರಗಿನ ಗಾಳಿಯನ್ನು ಮುಟ್ಟಿದಳು. ಹಲಗೆ ಕೂಡಿದ ಕಡೆಯೆಲ್ಲ ಬೆರಳಾಡಿಸಿದಳು. ಹಲ್ಲಿನ ಕೆಲಸದವಳ ಬೆರಳಿಗೂ ಅಲ್ಲಿ ಸಂದಿ ಸಿಗಲಿಲ್ಲ.

“ನೀವು ದೋಣಿ ಹತ್ತಿದ್ರಾ ಮಾವ?”

“ಹತ್ತಿದೆ ಅಂತ ಹೇಳೋ ಹಾಗಿಲ್ಲಮ್ಮ. ಹೇಗೋ ಒಳಗಿದ್ದೆ.”

ಅವಳು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡು, ಲೈಫ್ ಜಾಕೆಟ್ಟಿಗೆ ಕೈ ಹಾಕಿದಳು. ಸುತ್ತು ಹೊಡೆಸುವವಳು ತಾನೇ, ಆದರೆ ಮಾವ ಬರದಿದ್ದರೆ ತಾನೂ ಹೋಗುವುದಿಲ್ಲ ಎಂದಳು. ದೋಣಿಯಲ್ಲಿ ನಾಲ್ವರಿಗೆ ಮಾತ್ರ ಜಾಗ; ಮಗ ಕಟ್ಟೆಯಲ್ಲಿ ಉಳಿದ.

ಸಿಲಿಂಡರಿನ ತಿರುಪು ತೆರೆದು ಹಗ್ಗ ಎಳೆದರೆ ಮೋಟಾರು ಗುರುಗುಟ್ಟಿತು. ಬಡಗಿ ಸೊಸೆಯ ಮುಖವನ್ನೇ ನೋಡುತ್ತಿದ್ದ. ಅವಳು ಮೊದಲು ಅಳುಕುತ್ತ ಒಂದು ಚಿಕ್ಕ ಉಸಿರು ಎಳೆದಳು, ಆಮೇಲೆ ಎದೆ ತುಂಬ ಎಳೆದಳು. ಏನೂ ಆಗಲಿಲ್ಲ. ಕಲ್ಲುಗೋಡೆಗಳು ಎರಡೂ ಬದಿಗೆ ಸರಿದು ಹಿಂದಾದವು. ಬಯಲು ನೀರು ತೆರೆದುಕೊಂಡಾಗ ಅವಳು ಮೋಟಾರು ನಿಲ್ಲಿಸಿ ಹಾಯಿ ಏರಿಸಿದಳು. ಮಿಡತೆ ಒಂದು ಮಗ್ಗುಲಿಗೆ ವಾಲಿ ಓಡತೊಡಗಿತು. ಬಡಗಿ ಕಣ್ಣು ಮುಚ್ಚಿದ, ತೆರೆದ. ಕನ್ನಡಕದವರ ಹೆಂಡತಿ ಚಪ್ಪಾಳೆ ತಟ್ಟುತ್ತಿದ್ದಳು. ಸೊಸೆ ಹೊಟ್ಟೆಯ ಮೇಲೆ ಒಂದು ಕೈ, ಚುಕ್ಕಾಣಿಯ ಮೇಲೆ ಒಂದು ಕೈ ಇಟ್ಟು, ಮಗು ಒದೆಯುತ್ತಿದೆ ಎಂದು ಯಾರಿಗೋ ಎಂಬಂತೆ ಹೇಳಿದಳು.

ನಡುನೀರಿನಲ್ಲಿ ಗಾಳಿ ಬಿದ್ದುಹೋಯಿತು. ಹಾಯಿ ಜೋತುಬಿತ್ತು. ಮತ್ತೆ ಮೋಟಾರು ಹಾಕಿ, ಮಾತಾಡಿಕೊಂಡು ನಿಧಾನವಾಗಿ ಹಿಂದಿರುಗಿದರು. ಕಟ್ಟೆ ಮುಟ್ಟುವಾಗ ಸೊಸೆ ಮೊದಲು ಸಿಲಿಂಡರ್ ಮುಚ್ಚಿ, ಕೊಳವೆಯಲ್ಲಿ ಉಳಿದ ಗ್ಯಾಸನ್ನು ಮೋಟಾರು ಕುಡಿದು ತಾನಾಗಿ ನಿಲ್ಲುವವರೆಗೂ ಕಾದಳು. ಆಮೇಲೆ ಕನ್ನಡಕದವರ ಕಡೆ ತಿರುಗಿ, ಸುಮ್ಮನೆ ನಿಮ್ಮನ್ನು ಓಡಾಡಿಸಿದಂತಾಯಿತು, ಕ್ಷಮಿಸಿ ಎಂದು ತಡವರಿಸಿದಳು.

“ಬಿಡಿಮ್ಮ,” ಎಂದರು ಅವರು. “ನೀವು ಚುಕ್ಕಾಣಿ ಹಿಡಿದಾಗಲೇ ಇದು ಮಾರೋ ದೋಣಿ ಅಲ್ಲ ಅಂತ ಗೊತ್ತಾಯ್ತು. ನಾವು ಬೇರೆ ಹುಡುಕ್ತೀವಿ. ಆದ್ರೆ ಯಜಮಾನ್ರು ನಮಗೂ ಇಂಥದ್ದೇ ಪೆಟ್ಟಿಗೆ ಮಾಡಿಕೊಡ್ಬೇಕು.”

ಮಾಡಿಕೊಡುತ್ತೇನೆ, ಕೂರಿಸುವುದಕ್ಕೆ ಮಾತ್ರ ದೋಣಿಯನ್ನು ನನ್ನ ಅಂಗಳಕ್ಕೆ ತನ್ನಿ ಎಂದ ಬಡಗಿ. ಅವನ ಹೆಂಡತಿ ಕಟ್ಟಿಕೊಟ್ಟಿದ್ದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಮೆಟ್ಟಿಲ ಮೇಲೆ ಬಿಚ್ಚಿಕೊಂಡವು. ಬೆಳಿಗ್ಗೆಯಿಂದ ಏನೂ ತಿನ್ನದ ಸೊಸೆ ಎಲ್ಲರಿಗಿಂತ ಹೆಚ್ಚು ತಿಂದಳು. ಮೊಟ್ಟೆಯ ವಾಸನೆಗೂ ಇವತ್ತು ಅವಳ ಮೂಗಿನ ತಕರಾರಿರಲಿಲ್ಲ.

ಊಟ ಮುಗಿಯುವಷ್ಟರಲ್ಲಿ ಗಾಳಿ ಮತ್ತೆ ಎದ್ದಿತು. ಯಾರು ಬರುತ್ತೀರಿ ಎಂದು ಸೊಸೆ ಕೇಳಿದ್ದೇ ತಡ, ಉಳಿದ ನಾಲ್ವರೂ ಎದ್ದು ನಿಂತರು. ಬಡಗಿ ಯಾರಿಗೂ ಜಾಗ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ. ಮಗ ಆಗಲೇ ಓಡಿಹೋಗಿ ದೋಣಿಯಲ್ಲಿ ಕೂತಿದ್ದ. ಕೊಳ್ಳಲು ಬಂದು ಕೊಳ್ಳದೆ ಹೋಗುವವನು ಕಾಯುವುದೇ ನ್ಯಾಯ ಎಂದು ಕನ್ನಡಕದವರು ನಗುತ್ತ ಚಹಾದ ಫ್ಲಾಸ್ಕನ್ನು ತಮ್ಮ ಕಡೆಗೆ ಎಳೆದುಕೊಂಡು ಮೆಟ್ಟಿಲ ಮೇಲೆ ಕಾಲು ಚಾಚಿದರು. ದೋಣಿ ಕಟ್ಟೆ ಬಿಟ್ಟಿತು.