ಕಿಟಕಿಯ ಕಡೆಯ ಬಾಟಲಿ

ಎರಡರಲ್ಲೊಂದನ್ನು ಆರಿಸಿ ಎಂದು ಜನರನ್ನು ಕೇಳುವುದೇ ಅವಳ ಕೆಲಸವಾಗಿತ್ತು. ಕನ್ನಡಕದಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, "ಈಗ ಚೆನ್ನಾಗಿ ಕಾಣುತ್ತಾ? ಇಲ್ಲಾ, ಈಗ?" ಎಂದು ಕೇಳುತ್ತಿದ್ದಳು. ಪರೀಕ್ಷೆ ಎಂದರೆ ಸಾಕು, ಮೊಮ್ಮಕ್ಕಳನ್ನು ಕಂಡವರೂ ಶಾಲೆ ಹುಡುಗರ ಹಾಗೆ ಬೆವರುತ್ತಿದ್ದರು. ಎಲ್ಲಿ ತಪ್ಪು ಹೇಳಿಬಿಡುತ್ತೇವೋ ಎಂದು! "ಎರಡೂ ಒಂದೇ ಥರ ಇದ್ರೆ ಹಾಗೇ ಹೇಳಿ. ಅದೂ ಸರಿಯುತ್ತರಾನೇ," ಎಂದು ಅವಳು ಸಮಾಧಾನ ಮಾಡುತ್ತಿದ್ದಳು.

ಆ ಸಮಾಧಾನ ತನಗೇ ಬೇಕಾದಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಹೆರಿಗೆಯಾಗಿ ಎರಡನೇ ತಿಂಗಳು ನಡೆಯುತ್ತಿತ್ತು. ಮಗಳಿಗೆ ಅತ್ತೆ ಇಟ್ಟ ಅಡ್ಡಹೆಸರು ದೊರೆಸಾನಿ. ಒಮ್ಮೆ ಕಿರುಚಿದರೆ ಮನೆಯೆಲ್ಲ ಕೈಕಟ್ಟಿ ನಿಲ್ಲಬೇಕು. ತೂಕ ಏರುತ್ತಿಲ್ಲ, ಎದೆಹಾಲೊಂದೇ ಸಾಲುತ್ತಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ ಮೇಲೆ ಪುಡಿಹಾಲಿನ ಬಾಟಲಿಯೂ ಮನೆಗೆ ಬಂತು. ಬಸ್ ಓಡಿಸುವ ಗಂಡ ಪಾಳಿ ಮುಗಿಸಿ ಬಂದವನೇ ಬಾಟಲಿ ಕುದಿಸಿ, ಚಮಚದ ಪುಡಿಯನ್ನು ಚಾಕುವಿನ ಬೆನ್ನಿನಿಂದ ಸಮ ಮಾಡಿ ಅಳೆಯುತ್ತಿದ್ದ. "ಬಸ್ ತಿರುಗಿಸುವಾಗಲೂ ಇಷ್ಟು ಜೋಪಾನ ಇದೆಯೇನೋ ನಿಂಗೆ?" ಎಂದು ಅತ್ತೆ ಛೇಡಿಸುತ್ತಿದ್ದರು. ಮಗು ಮೈ ತುಂಬಿಕೊಳ್ಳತೊಡಗಿತು. ಎಲ್ಲರೂ ನಿರಾಳವಾದರು, ಅವಳೊಬ್ಬಳನ್ನು ಬಿಟ್ಟು.

ಮಗು ಮಲಗಿದರೂ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬಟ್ಟೆ ಮಡಿಸಲು ಕೂತರೆ ಒಂದೇ ಅಂಗಿಯನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಬಾಯಿಗಿಟ್ಟದ್ದೆಲ್ಲ ಮಣ್ಣು. ಮತ್ತೆ ಆ ಪ್ರಶ್ನೆ, ಓಡಿಸಿದಷ್ಟೂ ಬಂದು ಹೊಸ್ತಿಲಲ್ಲಿ ಕೂರುವ ಬೆಕ್ಕಿನಂತೆ: ಬಾಟಲಿ ಇದ್ದ ಮೇಲೆ ನಾನು ಯಾಕೆ?

ಒಂದು ಬೆಳಿಗ್ಗೆ ಅವಳು ತನ್ನ ವಿದ್ಯೆಯನ್ನೇ ಮಗಳ ಮೇಲೆ ಪ್ರಯೋಗಿಸಿದಳು. ಕುರ್ಚಿಯಲ್ಲಿ ಕೂತು ಮಗುವನ್ನು ತೋಳಲ್ಲಿ ಒರಗಿಸಿಕೊಂಡಳು. ಒಂದು ಕಡೆ ಎದೆ. ಇನ್ನೊಂದು ಕಡೆ, ಕೈ ಚಾಚಿ ಹಿಡಿದ ಬಾಟಲಿ. "ಇದಾ, ಅದಾ?" ಎಂದು ಮೆಲ್ಲನೆ ಕೇಳಿದಳು. ದೊರೆಸಾನಿ ಬಾಟಲಿಯ ಕಡೆಗೆ ಕತ್ತು ತಿರುಗಿಸಿದಳು. ಮತ್ತೆ ಕೇಳಿದಳು. ಮತ್ತೆ ಬಾಟಲಿ.

ಅದೇ ಹೊತ್ತಿಗೆ ಟೀ ಲೋಟ ಹಿಡಿದು ಬಂದ ಅತ್ತೆಗೆ ನಗು ತಡೆಯಲಾಗಲಿಲ್ಲ. ತಾಯಿಯದಲ್ಲದ ಹಾಲೆಲ್ಲ ಅವರ ಬಾಯಲ್ಲಿ ಮೇಲ್ಹಾಲು. "ನೋಡೇ ಇವಳ ಜಾಣತನಾನ! ನಮ್ಮ ದೊರೆಸಾನಿಗೆ ಮೇಲ್ಹಾಲೇ ಮೇಲು!"

ಅವಳೂ ನಕ್ಕಳು. ನಗು ತುಟಿಯಿಂದ ಕೆಳಗಿಳಿಯಲಿಲ್ಲ. ಅದು ಮೇಲಾದರೆ ತನ್ನದು ಕೀಳು, ಅಷ್ಟೇ ತಾನೆ? ತೀರ್ಪು ಕೊಟ್ಟವಳು ಹೆತ್ತ ಮಗಳೇ. ಇನ್ನು ಯಾರ ಹತ್ತಿರ ಮೇಲ್ಮನವಿ?

ಅಂದಿನಿಂದ ಮಗು ಅತ್ತರೆ, "ನೀವೇ ಬಾಟಲಿ ಕೊಟ್ಬಿಡಿ ಅತ್ತೆ," ಎನ್ನತೊಡಗಿದಳು. ಎದೆ ಕಲ್ಲಾಗಿ ನೋಯುತ್ತಿತ್ತು. ಬಚ್ಚಲುಮನೆಗೆ ಹೋಗಿ, ನಲ್ಲಿ ಬಿಟ್ಟು, ಹಾಲನ್ನು ಹಿಂಡಿ ಚೆಲ್ಲುತ್ತಿದ್ದಳು. ನಲ್ಲಿಯ ಸದ್ದು ಅವಳ ಅಳುವಿಗೂ ಮರೆಯಾಗುತ್ತಿತ್ತು.

ತೂಕ ನೋಡಿಸುವ ದಿನ ಸೊಸೆ, ಅತ್ತೆ, ದೊರೆಸಾನಿ ಮೂವರೂ ಆಸ್ಪತ್ರೆಗೆ ಹೋದರು. ನರ್ಸಕ್ಕ ಮಗುವನ್ನು ತಕ್ಕಡಿಯಿಂದ ಎತ್ತಿ ಅಜ್ಜಿಯ ಕೈಗಿತ್ತು, ತಾಯಿಯ ಕಡೆ ತಿರುಗಿದರು.

"ಇವಳೇನೋ ಚೆಂದಾಗಿ ಬೆಳೀತಿದಾಳೆ. ನೀನು ಹೇಗಿದ್ದೀಯಮ್ಮಾ?"

"ಚೆನ್ನಾಗಿದೀನಿ."

"ಅದು ನೆಂಟರಿಗೆ ಹೇಳೋ ಉತ್ತರ. ನಂಗೆ ಹೇಳು."

ಅವಳು ಮಗುವಿನ ಕಡೆ ಕೈ ತೋರಿಸಿದಳು. "ಇವಳಿಗೆ ನನ್ನ ಹಾಲು ಬೇಡ ಅಕ್ಕ. ಪರೀಕ್ಷೆ ಮಾಡಿ ನೋಡಿದೀನಿ."

"ಪರೀಕ್ಷೆನಾ? ಎಂಥ ಪರೀಕ್ಷೆ ಮಾರಾಯ್ತಿ?"

ಅವಳು ಕೈಯಾಡಿಸಿ ತೋರಿಸಿದಳು. "ನಾನು ಹೀಗೆ ಕೂತಿದ್ದೆ. ಎದೆ ಈ ಕಡೆ, ಗೋಡೆ. ಬಾಟಲಿ ಆ ಕಡೆ, ಕಿಟಕಿ..."

ಕೈ ಗಾಳಿಯಲ್ಲೇ ನಿಂತಿತು. ಎಳೆಗೂಸು ಬೆಳಕಿನ ಕಡೆಗೆ ತಿರುಗುತ್ತದೆ. ಅಂಗಡಿಯಲ್ಲಿ ಪರೀಕ್ಷೆಗೆ ಮೊದಲು ಕೋಣೆ ಕತ್ತಲು ಮಾಡುವವಳು ತಾನೇ. ಮನೆಯಲ್ಲಿ ಪರದೆ ಎಳೆಯಲು ಮರೆತವಳೂ ತಾನೇ.

"ಕಿಟಕಿ ನೋಡಿದ್ದು ಅವಳು," ಎಂದಳು. "ಬಾಟಲೀನ ಅಲ್ಲ."

ಅತ್ತೆಯ ಮುಖ ಅರಳಿತು. "ಅಷ್ಟೇ ತಾನೆ! ಮುಗೀತಲ್ಲ ಮತ್ತೆ?"

ಮುಗಿದಿರಲಿಲ್ಲ. "ಗೊತ್ತಾದ್ರೂ ಹಗುರ ಆಗ್ತಿಲ್ಲ ಅಕ್ಕ," ಎಂದು ಅವಳು ನರ್ಸಕ್ಕನಿಗೇ ಹೇಳಿದಳು. "ನಾನಿಲ್ಲದಿದ್ರೇ ಇವಳಿಗೆ ಒಳ್ಳೇದು ಅನ್ಸುತ್ತೆ. ನಿನ್ನೆ ಪರ್ಸ್ ತಗೊಂಡು ಬೀದಿ ಬಾಗಿಲವರೆಗೂ ಹೋಗಿದ್ದೆ."

ನರ್ಸಕ್ಕ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ದನಿ ಬದಲಾಗಲಿಲ್ಲ. "ಜೀವ ಕಳ್ಕೊಳ್ಳೋ ಯೋಚನೆ ಏನಾದ್ರೂ ಬಂದಿದೆಯಾ? ಮಗುಗೆ ಏನಾದ್ರೂ ಮಾಡ್ಬಿಡ್ತೀನಿ ಅಂತ?"

"ಇಲ್ಲ. ಎಲ್ಲಿಗಾದ್ರೂ ಹೋಗ್ಬಿಡೋಣ ಅಂತ ಅಷ್ಟೇ."

"ಹೇಳಿದ್ದು ಒಳ್ಳೇದಾಯ್ತು. ಇದು ಬಾಣಂತಿಯರಿಗೆ ಬರೋ ಕಾಯಿಲೆ, ನಿನ್ನ ಗುಣ ಅಲ್ಲ. ಇವತ್ತೇ ಡಾಕ್ಟರನ್ನ ನೋಡ್ಕೊಂಡೇ ಹೋಗೋದು. ಹಾಲೂಡಿಸ್ತಾನೇ ತಗೊಳ್ಳೋ ಮಾತ್ರೆಗಳೂ ಇವೆ. ಮೊದಲು ನಿಂಗೆ ನಿದ್ದೆ ಬೇಕು. ಬಾಟಲಿ ಇರೋದು ನಿನ್ನ ಜಾಗ ಕಿತ್ಕೊಳ್ಳೋಕಲ್ಲ, ನಿನ್ನನ್ನ ಮಲಗಿಸೋಕೆ."

ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಅತ್ತೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತರು. ಸೊಸೆಯ ಕೈ ಹಿಡಿದು, "ಮೇಲ್ಹಾಲೇ ಮೇಲು ಅಂತ, ಪ್ರಾಸ ಕೂಡ್ತು ಅಂತ ಅಂದ್ಬಿಟ್ಟೆ ಕಣೇ," ಎಂದರು. "ಎಲುಬಿಲ್ಲದ ನಾಲಿಗೆ. ನಲ್ಲಿ ಸದ್ದು ನಂಗೂ ಕೇಳ್ತಿತ್ತು. ಸ್ನಾನ ಮಾಡ್ತಿದಾಳೆ ಅಂದ್ಕೊಂಡೆ."

"ದಿನಕ್ಕೆ ಅಷ್ಟು ಸಲ ಸ್ನಾನಾನಾ ಅತ್ತೆ?"

"ಮಡಿವಂತೆ ಅಂದ್ಕೊಂಡೆ!"

ಮಾತ್ರೆ ಎಂದರೆ ಸ್ವಿಚ್ಚು ಒತ್ತಿದರೆ ಹತ್ತುವ ದೀಪವಲ್ಲ. ಕೆಲವು ವಾರ ಹಿಡಿಯಿತು. ನಡುವೆ ಕೆಟ್ಟ ದಿನಗಳೂ ಬಂದವು. ಮಲಗುವ ಹೊತ್ತಿನ ಬಾಟಲಿ ಗಂಡನ ಪಾಲಾಯಿತು. ಮೊದಮೊದಲು ಅವಳು ಬಾಗಿಲಾಚೆ ಕಿವಿಗೊಟ್ಟು ಮಲಗುತ್ತಿದ್ದಳು, ಆಮೇಲೆ ಬರೀ ಮಲಗಿದಳು. ಬೆಳಿಗ್ಗೆ ಎದ್ದು ಮಗುವಿಗೆ ಎದೆ ಕೊಟ್ಟಳು. ಸಾಲದಾದಾಗ ಬಾಟಲಿ. ಎದೆ ಬೇಡವೆನ್ನಿಸಿದ ದಿನಗಳಲ್ಲಿ, "ಇವತ್ತು ಬೇಡ," ಎಂದು ಬಾಯಿಬಿಟ್ಟು ಹೇಳುವುದನ್ನೂ ಕಲಿತಳು. ಅತ್ತೆ ಯಾಕೆಂದು ಕೇಳದಿರುವುದನ್ನು ಕಲಿತರು. ಅದು ಅವರಿಗೆ ಹೆಚ್ಚು ಕಷ್ಟದ ಪಾಠ.

ಒಂದು ಮಧ್ಯಾಹ್ನ ಅವಳು ಎದೆಹಾಲು ಕುಡಿಸಿ ಕೊಟ್ಟ ಮಗುವಿಗೆ ಅತ್ತೆ ಬಾಟಲಿಯಲ್ಲಿ ಇನ್ನಷ್ಟು ಕುಡಿಸಿ, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದರು. ದೊರೆಸಾನಿ ಒಂದು ದೊಡ್ಡ ತೇಗು ತೇಗಿ, ಅಜ್ಜಿಯ ಹೆಗಲಿಂದ ಬೆನ್ನಿನವರೆಗೆ ಕಕ್ಕಿಬಿಟ್ಟಳು.

"ಅಯ್ಯೋ ಪಾಪಿ! ಒಗೆದುಟ್ಟ ಬಟ್ಟೆ ಕಣೇ!"

"ಯಾವ ಹಾಲು ಅತ್ತೆ? ನನ್ನದಾ, ಮೇಲಿನದಾ?" ಅವಳ ಬಾಯಿಂದ ತಾನಾಗಿ ಹೊರಟಿತು.

ಅತ್ತೆ ಬೆನ್ನು ಕಾಣದೆ ಗಿರಕಿ ಹೊಡೆಯುತ್ತ, "ನಂಗೇನು ಗೊತ್ತು? ವಾಸನೆಗೆ ಎರಡೂ ಒಂದೇ!" ಎಂದು ಗದರಿದರು.

ಅವಳು ನಕ್ಕಳು. ಈ ಸಲದ ನಗು ಹೊಟ್ಟೆಯಿಂದ ಬಂತು, ಜೊತೆಗೆ ಒಂದಿಷ್ಟು ಅಳುವೂ ಬಂತು. ಒರೆಸುವ ಬಟ್ಟೆ ಎತ್ತಿಕೊಂಡು ಅತ್ತೆಯ ಬೆನ್ನ ಹಿಂದೆ ಹೋಗುತ್ತ, "ಹಾಗೇ ಹೇಳಿ ಅತ್ತೆ," ಎಂದಳು. "ಅದೂ ಸರಿಯುತ್ತರಾನೇ."